ಅಪ್ರೆಂಟಿಸ್‌ಗಳಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ ಎಂಬುದು ಎಷ್ಟು ನಿಜ?

ಐಟಿಐ ಮುಗಿಸಿ ಫ್ಯಾಕ್ಟರಿ ಸೇರಿದ ಫಿಟ್ಟರ್, ಡಿಪ್ಲೊಮಾ ಮುಗಿಸಿ ಕ್ವಾಲಿಟಿ ವಿಭಾಗಕ್ಕೆ ಬಂದ ಹುಡುಗಿ, ಬಿಕಾಂ ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಯುವಕ. ಇವರಲ್ಲಿ ಯಾರಾದರೂ ‘ಪಿಎಫ್ ಯಾಕೆ ಹಿಡಿಯುತ್ತಿಲ್ಲ? ಓಟಿ ಮಾಡಿದ್ದಕ್ಕೆ ದುಡ್ಡು ಯಾಕೆ ಬಂದಿಲ್ಲ?’ ಎಂದು ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: ‘ನೀವು ಅಪ್ರೆಂಟಿಸ್. ಅಪ್ರೆಂಟಿಸ್‌ಗಳಿಗೆ ಲೇಬರ್ ಲಾ ಬರಲ್ಲ.’

ಈ ಮಾತು ಪೂರ್ತಿ ಸುಳ್ಳಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಅದನ್ನೇ ಹೇಳುತ್ತದೆ: ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುತ್ತಿರುವವರು, ಕಾರ್ಮಿಕರಲ್ಲ; ಕಾರ್ಮಿಕರಿಗೆ ಸಂಬಂಧಿಸಿದ ಕಾನೂನುಗಳು ಅವರಿಗೆ ಅನ್ವಯಿಸುವುದಿಲ್ಲ. ಆದರೆ ಹೀಗೆ ಉತ್ತರಿಸುವವರು ಎರಡು ವಿಷಯಗಳನ್ನು ಹೇಳದೆ ಬಿಡುತ್ತಾರೆ. ಕಾರ್ಮಿಕ ಕಾನೂನಿನಿಂದ ಹೊರಗಿಟ್ಟ ಅದೇ ಕಾಯ್ದೆ ಅಪ್ರೆಂಟಿಸ್‌ಗೆ ತನ್ನದೇ ಆದ ಹಕ್ಕುಗಳನ್ನು ಕೊಟ್ಟಿದೆ. ಅದಕ್ಕಿಂತ ಮುಖ್ಯವಾಗಿ, 18ನೇ ಸೆಕ್ಷನ್ ಅನ್ವಯಿಸುವುದು ಆ ಕಾಯ್ದೆಯ ಪ್ರಕಾರ ಒಪ್ಪಂದ ಮಾಡಿಕೊಂಡು ತರಬೇತಿ ಪಡೆಯುತ್ತಿರುವವರಿಗೆ ಮಾತ್ರ. ಆಫರ್ ಲೆಟರ್‌ನಲ್ಲಿ ‘ಅಪ್ರೆಂಟಿಸ್’ ಅಥವಾ ‘ಟ್ರೈನಿ’ ಎಂದು ಟೈಪ್ ಮಾಡಿದ ಮಾತ್ರಕ್ಕೆ ಯಾರೂ ಕಾರ್ಮಿಕ ಕಾನೂನಿನಿಂದ ಆಚೆ ಹೋಗುವುದಿಲ್ಲ.

ಆದ್ದರಿಂದ ಸ್ಟೈಪೆಂಡ್ ಎಷ್ಟು, ರಜೆ ಎಷ್ಟು ಎಂದು ನೋಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ನಿಮ್ಮ ಒಪ್ಪಂದ ನೋಂದಣಿ ಆಗಿದೆಯೇ?

ಒಂದೇ ಹೆಸರು, ಬೇರೆ ಬೇರೆ ಜನ

ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ, ಪೀಣ್ಯವಿರಲಿ ಬೆಳಗಾವಿಯ ಉದ್ಯಮಬಾಗ್ ಇರಲಿ, ‘ಅಪ್ರೆಂಟಿಸ್’ ಎಂದು ಕರೆಸಿಕೊಳ್ಳುವವರಲ್ಲಿ ಕನಿಷ್ಠ ಮೂರು ಬಗೆಯವರಿದ್ದಾರೆ.

ಮೊದಲನೆಯವರು 1961ರ ಕಾಯ್ದೆಯ ಅಪ್ರೆಂಟಿಸ್‌ಗಳು. ಸರ್ಕಾರಿ ಪ್ರಕಟಣೆಗಳಲ್ಲಿ ‘ಶಿಶಿಕ್ಷು’ ಎಂಬ ಪದ ಕಾಣುವುದು ಇವರಿಗೇ. ಇವರು ಮತ್ತು ಸಂಸ್ಥೆ ಒಂದು ಒಪ್ಪಂದಕ್ಕೆ ಸಹಿ ಮಾಡಬೇಕು. ಅಪ್ರಾಪ್ತ ವಯಸ್ಕರಾದರೆ ಪೋಷಕರು ಸಹಿ ಮಾಡುತ್ತಾರೆ. ಆ ಒಪ್ಪಂದವನ್ನು ಸಂಸ್ಥೆ ಅಪ್ರೆಂಟಿಸ್‌ಶಿಪ್ ಸಲಹೆಗಾರ ಎಂಬ ಸರ್ಕಾರಿ ಅಧಿಕಾರಿಗೆ ನೋಂದಣಿಗಾಗಿ ಕಳಿಸಬೇಕು. ಈಗ ಇದು ಪೋರ್ಟಲ್ ಮೂಲಕ ನಡೆಯುತ್ತದೆ. ಐಟಿಐ ಮತ್ತು ಅದರ ಕೆಳಗಿನ ಶಿಕ್ಷಣದವರು ಮುಖ್ಯವಾಗಿ ಕೇಂದ್ರ ಕೌಶಲ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿರುತ್ತಾರೆ. ಡಿಪ್ಲೊಮಾ, ಪದವಿ ಮುಗಿಸಿದವರಿಗೆ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಇದೆ. ಕರ್ನಾಟಕದ ನ್ಯಾಟ್ಸ್ ವ್ಯವಹಾರ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯ ಕೈಯಲ್ಲಿದೆ.

ಎರಡನೆಯವರು ಕಂಪನಿಯ ಸ್ಥಾಯಿ ಆದೇಶಗಳ ಪ್ರಕಾರ ಸೇರಿದ ಟ್ರೈನಿಗಳು. ಸ್ಥಾಯಿ ಆದೇಶ ಎಂದರೆ ಕೆಲಸದ ಷರತ್ತುಗಳನ್ನು ಬರೆದಿಟ್ಟ, ಸರ್ಕಾರದ ಅಧಿಕಾರಿ ದೃಢೀಕರಿಸಿದ ನಿಯಮಾವಳಿ.

ಮೂರನೆಯವರದ್ದು ಇದ್ಯಾವುದೂ ಅಲ್ಲ. ಏಜೆನ್ಸಿಯವರು ಒಂದು ಲೆಟರ್ ಕೊಟ್ಟಿರುತ್ತಾರೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಸೇರಿದ ಮೂರನೇ ದಿನದಿಂದಲೇ ಲೈನಿನಲ್ಲಿ ನಿಂತು ಉಳಿದವರಷ್ಟೇ ಪೀಸ್ ತೆಗೆಯುತ್ತಿರುತ್ತಾರೆ. ಕಲಿಸಲು ಯಾರೂ ಇಲ್ಲ, ಪಠ್ಯಕ್ರಮ ಇಲ್ಲ, ಕೊನೆಗೆ ಪರೀಕ್ಷೆಯೂ ಇಲ್ಲ. ಇಂಥವರನ್ನು ‘ಅಪ್ರೆಂಟಿಸ್’ ಎಂದು ಕರೆದರೂ ಕಾನೂನಿನ ಕಣ್ಣಿನಲ್ಲಿ ಅವರು ಅಪ್ರೆಂಟಿಸ್ ಅಲ್ಲ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲವನ್ನೂ ಕಾರ್ಮಿಕರಂತೆಯೇ ಕೇಳುವ ನೆಲೆ ಅವರಿಗಿದೆ.

ನೀವು ಯಾವ ಗುಂಪಿನವರು ಎಂದು ತಿಳಿಯಲು ಎಚ್‌ಆರ್ ವಿಭಾಗದ ಮಾತನ್ನೇ ನಂಬಬೇಕಿಲ್ಲ. ಪೋರ್ಟಲ್‌ನಲ್ಲಿ ನಿಮ್ಮದೇ ಖಾತೆ ತೆರೆದು ಲಾಗಿನ್ ಆದರೆ ಒಪ್ಪಂದ ಇದೆಯೋ ಇಲ್ಲವೋ ಕಾಣುತ್ತದೆ. ಟ್ರೇಡ್ ಯಾವುದು, ತರಬೇತಿ ಯಾವ ದಿನ ಶುರುವಾಗಿ ಯಾವ ದಿನ ಮುಗಿಯುತ್ತದೆ, ಸ್ಟೈಪೆಂಡ್ ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಈ ನೋಂದಣಿಗೆ ಅಭ್ಯರ್ಥಿ ಕಟ್ಟಬೇಕಾದ ಶುಲ್ಕವಿಲ್ಲ. ‘ನೋಂದಣಿ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ’ ಎಂದು ಯಾರಾದರೂ ಕೇಳಿದರೆ ಅಲ್ಲೇ ಎಚ್ಚರವಾಗಿ.

ಸ್ಟೈಪೆಂಡ್: ನೆಲದ ಮಟ್ಟ ಎಲ್ಲಿದೆ?

ಅಪ್ರೆಂಟಿಸ್‌ಗೆ ಸಿಗುವುದು ಸಂಬಳವಲ್ಲ, ಶಿಷ್ಯವೇತನ. ಅದಕ್ಕೂ ಕನಿಷ್ಠ ಮಿತಿ ಇದೆ. 2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 5ರಿಂದ 9ನೇ ತರಗತಿವರೆಗೆ ಓದಿದವರಿಗೆ ತಿಂಗಳಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೇ ವರ್ಷಕ್ಕೆ ಶೇ 10, ಮೂರನೇ ವರ್ಷಕ್ಕೆ ಮತ್ತೆ ಶೇ 15 ಏರಿಕೆ. ಇದು ಕನಿಷ್ಠ ಮಾತ್ರ, ಇದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ. ಪ್ರತಿ ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೈ ಸೇರಬೇಕು.

ಈ ಅಂಕಿಗಳ ಹಿಂದೆ ಹೆಚ್ಚು ಚರ್ಚೆಯಾಗದ ಒಂದು ಬದಲಾವಣೆ ಇದೆ. 2014ರ ನಿಯಮಗಳಲ್ಲಿ ಟ್ರೇಡ್ ಅಪ್ರೆಂಟಿಸ್‌ಗಳ ಸ್ಟೈಪೆಂಡ್ ರಾಜ್ಯದ ಅರೆಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ತಳುಕು ಹಾಕಿಕೊಂಡಿತ್ತು: ಮೊದಲ ವರ್ಷ ಅದರ ಶೇ 70, ಎರಡನೇ ವರ್ಷ ಶೇ 80, ಮೂರನೇ ವರ್ಷ ಶೇ 90. ಕನಿಷ್ಠ ವೇತನ ಏರಿದರೆ ಸ್ಟೈಪೆಂಡ್ ತಾನಾಗಿ ಏರುತ್ತಿತ್ತು. 2019ರಲ್ಲಿ ಆ ಕೊಂಡಿ ಕಳಚಿ ಇಡೀ ದೇಶಕ್ಕೆ ಒಂದೇ ಅಂಕಿ ಬಂತು. ಸಂಸ್ಥೆಗಳಿಗೆ ಲೆಕ್ಕ ಸುಲಭವಾಯಿತು, ನಿಜ. ಆದರೆ ತುಟ್ಟಿಭತ್ಯೆಯ ಜೊತೆ ಕನಿಷ್ಠ ವೇತನ ವರ್ಷ ವರ್ಷ ಮೇಲೇರುವಾಗ ಸ್ಟೈಪೆಂಡ್ ಇದ್ದಲ್ಲೇ ನಿಂತಿತು. ಬೆಂಗಳೂರಿನ ಪಿಜಿ ಬಾಡಿಗೆಗೂ ಕಲಬುರಗಿಯ ಬಾಡಿಗೆಗೂ ಇರುವ ವ್ಯತ್ಯಾಸವೂ ಆ ಅಂಕಿಗೆ ಗೊತ್ತಿಲ್ಲ. ನಮ್ಮ ದೃಷ್ಟಿಯಲ್ಲಿ ಹಳೆಯ ವಿಧಾನವೇ ನ್ಯಾಯವಾಗಿತ್ತು.

2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು ಈ 5,000–9,000ದ ಶ್ರೇಣಿಯನ್ನು 6,800–12,300ಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಬೇರೆ, ರಾಜ್ಯಪತ್ರದಲ್ಲಿ ಅಧಿಸೂಚನೆ ಬೇರೆ. ಸಹಿ ಹಾಕುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಹಣ ಎರಡು ಕಡೆಯಿಂದ ಬರುವುದರಿಂದಲೂ ಗೊಂದಲ ಆಗುತ್ತದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ 2016ರಲ್ಲಿ ಶುರುವಾಯಿತು. ಇದರಡಿ ಬರುವ ಸಂಸ್ಥೆಗಳಲ್ಲಿ ಸ್ಟೈಪೆಂಡಿನ ಶೇ 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಮೊದಲು ಅದು ಕಂಪನಿಗೆ ಮರುಪಾವತಿಯಾಗುತ್ತಿತ್ತು; 2023ರಿಂದ ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಬರುತ್ತಿದೆ. ಹಾಗಾಗಿ 7,000 ರೂಪಾಯಿಯ ಒಪ್ಪಂದವಿದ್ದರೆ ಕಂಪನಿಯಿಂದ 5,500, ಸರ್ಕಾರದಿಂದ 1,500 ಬೇರೆ ಬೇರೆ ದಿನ ಜಮೆಯಾಗಬಹುದು. ಆಧಾರ್‌ಗೆ ಖಾತೆ ಜೋಡಣೆಯಾಗದಿದ್ದರೆ ಎರಡನೆಯದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಪನಿ ಕಡಿಮೆ ಕೊಟ್ಟಿತು ಎಂದು ದೂರುವ ಮೊದಲು ಪಾಸ್‌ಬುಕ್ ನೋಡಿ. ನ್ಯಾಟ್ಸ್‌ನಲ್ಲಿ ಸರ್ಕಾರದ ಪಾಲು ಕನಿಷ್ಠ ಸ್ಟೈಪೆಂಡಿನ ಅರ್ಧ.

ಪೀಸ್ ಲೆಕ್ಕ, ಓಟಿ, ರಾತ್ರಿ ಪಾಳಿ

ಕಾಯ್ದೆಯ 13ನೇ ಸೆಕ್ಷನ್ ಒಂದು ವಿಷಯದಲ್ಲಿ ಬಹಳ ಸ್ಪಷ್ಟ. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ, ಉತ್ಪಾದನಾ ಬೋನಸ್ ಅಥವಾ ಇನ್ಸೆಂಟಿವ್ ಯೋಜನೆಯಲ್ಲಿ ಸೇರಿಸುವಂತಿಲ್ಲ. ‘ಬೋನಸ್ ಕೊಡುವುದಿಲ್ಲ’ ಎಂಬುದು ಮೇಲ್ನೋಟಕ್ಕೆ ಅನ್ಯಾಯದಂತೆ ಕಾಣುತ್ತದೆ. ಅದರ ಹಿಂದಿನ ಯೋಚನೆ ಬೇರೆ. ಪೀಸಿಗಿಷ್ಟು ಎಂದರೆ ಕಲಿಯುವವರ ಗಮನ ಕೈಚಳಕದಿಂದ ಎಣಿಕೆಗೆ ಹೋಗುತ್ತದೆ, ಅವಸರದಲ್ಲಿ ಬೆರಳೂ ಹೋಗುತ್ತದೆ. ಹಾಗೆಯೇ ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಅಪ್ರೆಂಟಿಸ್‌ನನ್ನು ಬಳಸುವುದು ಕಾಯ್ದೆಯ ಪ್ರಕಾರ ಅಪರಾಧ. ಟರ್ನರ್ ಟ್ರೇಡಿಗೆ ಸೇರಿಸಿಕೊಂಡು ವರ್ಷವಿಡೀ ಲೋಡಿಂಗ್ ಮಾಡಿಸಿದರೆ ಅದು ತರಬೇತಿ ಆಗುವುದಿಲ್ಲ.

ಓಟಿಗೂ ನಿರ್ಬಂಧವಿದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತಿಲ್ಲ. ತರಬೇತಿಯ ಹಿತಕ್ಕೆ ಅಥವಾ ಸಾರ್ವಜನಿಕ ಹಿತಕ್ಕೆ ಬೇಕು ಎನಿಸಿದರೆ ಮಾತ್ರ ಅವರು ಒಪ್ಪಿಗೆ ಕೊಡಬಹುದು. ಅಂದರೆ ‘ಓಟಿ ದುಡ್ಡು ಯಾಕೆ ಬಂದಿಲ್ಲ’ ಎಂಬ ಪ್ರಶ್ನೆಗಿಂತ ‘ನನ್ನಿಂದ ಓಟಿ ಯಾಕೆ ಮಾಡಿಸಿದಿರಿ’ ಎಂಬ ಪ್ರಶ್ನೆಗೇ ಕಾನೂನಿನಲ್ಲಿ ತೂಕ ಹೆಚ್ಚು.

ದಿನಕ್ಕೆ, ವಾರಕ್ಕೆ ಎಷ್ಟು ಗಂಟೆ ಎಂಬ ವಿಷಯದಲ್ಲಿ ಮಾತ್ರ 2014ರ ತಿದ್ದುಪಡಿ ಹಿಡಿತ ಸಡಿಲಿಸಿತು. ಅದಕ್ಕೂ ಮೊದಲು ವಾರದ ಗಂಟೆಗಳನ್ನು ನಿಯಮಗಳೇ ನಿಗದಿ ಮಾಡುತ್ತಿದ್ದವು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಟ್ರೇಡ್ ಅಪ್ರೆಂಟಿಸ್‌ಗಳ ತರಬೇತಿಗೆ ಪೂರ್ವಾನುಮತಿ ಬೇಕಿತ್ತು. ತಿದ್ದುಪಡಿಯ ನಂತರ ಗಂಟೆಗಳನ್ನು ನಿರ್ಧರಿಸುವುದು ಸಂಸ್ಥೆ. ರಜೆಯೂ ಅಷ್ಟೇ: ಆ ಸಂಸ್ಥೆಯಲ್ಲಿ ಯಾವ ರಜೆಗಳು ಪಾಲನೆಯಲ್ಲಿವೆಯೋ ಅವು ಅಪ್ರೆಂಟಿಸ್‌ಗೂ ಸಲ್ಲುತ್ತವೆ. ಕಾರ್ಮಿಕರಿಗೆಲ್ಲ ಹಬ್ಬದ ರಜೆ ಕೊಟ್ಟು ‘ಅಪ್ರೆಂಟಿಸ್‌ಗಳು ಮಾತ್ರ ಬನ್ನಿ’ ಎನ್ನಲು ಅವಕಾಶವಿಲ್ಲ.

ಗಾಯವಾದರೆ?

‘ಲೇಬರ್ ಲಾ ಬರಲ್ಲ’ ಎಂಬ ಮಾತು ನಂಬಿದವರಿಗೆ ಹೆಚ್ಚು ಹಾನಿ ಮಾಡುವುದು ಇಲ್ಲಿಯೇ. ಪ್ರೆಸ್ ಮಷಿನ್‌ನಲ್ಲಿ ಕೈ ಸಿಕ್ಕರೆ ಕಂಪನಿಯವರು ಆಸ್ಪತ್ರೆ ಬಿಲ್ ಕಟ್ಟಿ, ಕೈಗೆ ಒಂದಿಷ್ಟು ಕೊಟ್ಟು ‘ಅಪ್ರೆಂಟಿಸ್‌ಗೆ ಇಷ್ಟೇ’ ಎಂದರೆ ಮನೆಯವರೂ ಒಪ್ಪಿಬಿಡುತ್ತಾರೆ. ಆದರೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಕಾರ್ಖಾನೆಯಲ್ಲಿ ತರಬೇತಿ ಪಡೆಯುವ ಅಪ್ರೆಂಟಿಸ್‌ಗೆ ಆರೋಗ್ಯ, ಸುರಕ್ಷತೆ ಮತ್ತು ಕಲ್ಯಾಣದ ವಿಷಯದಲ್ಲಿ ಕಾರ್ಖಾನೆ ಕಾಯ್ದೆಯ ಅಧ್ಯಾಯಗಳು ಕಾರ್ಮಿಕರಿಗೆ ಹೇಗೋ ಹಾಗೆಯೇ ಅನ್ವಯಿಸುತ್ತವೆ. 16ನೇ ಸೆಕ್ಷನ್ ಪ್ರಕಾರ ತರಬೇತಿಯ ವೇಳೆ, ತರಬೇತಿಯ ಕಾರಣದಿಂದ ಗಾಯವಾದರೆ 1923ರ ಪರಿಹಾರ ಕಾಯ್ದೆಯ ಪ್ರಕಾರ ಪರಿಹಾರ ಕೊಡುವುದು ಉದ್ಯೋಗದಾತರ ಹೊಣೆ.

ಆ ಪರಿಹಾರ ಎಷ್ಟಾಗಬಹುದು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಶಾಶ್ವತ, ಪೂರ್ಣ ಅಂಗವೈಕಲ್ಯವಾದರೆ ತಿಂಗಳ ವೇತನದ ಶೇ 60ನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 20 ವರ್ಷದವರಿಗೆ ಆ ಸಂಖ್ಯೆ 224. ಅಪ್ರೆಂಟಿಸ್ ವಿಷಯದಲ್ಲಿ ವೇತನ ಎಂದರೆ ಸ್ಟೈಪೆಂಡ್. 7,000 ರೂಪಾಯಿಯ ಶೇ 60 ಅಂದರೆ 4,200. ಅದನ್ನು 224ರಿಂದ ಗುಣಿಸಿದರೆ 9,40,800 ರೂಪಾಯಿ. ಭಾಗಶಃ ಅಂಗವೈಕಲ್ಯಕ್ಕೆ ಇದರಲ್ಲಿ ಗಾಯದ ಪ್ರಮಾಣಕ್ಕೆ ತಕ್ಕ ಪಾಲು. ಸ್ಟೈಪೆಂಡ್ ಕಡಿಮೆ ಇದ್ದಷ್ಟೂ ಪರಿಹಾರವೂ ಕಡಿಮೆ ಎಂಬುದು ಈ ಲೆಕ್ಕದ ಕಹಿ ಭಾಗ. ಹಾಗಿದ್ದರೂ ಒಂಬತ್ತು ಲಕ್ಷಕ್ಕೂ ‘ಕೈಗೆ ಒಂದಿಷ್ಟು’ ಎಂಬುದಕ್ಕೂ ಇರುವ ಅಂತರ ಸಣ್ಣದಲ್ಲ.

ಅಪ್ರೆಂಟಿಸ್ ಆಗಲು ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ಯಮಗಳಲ್ಲಿ 18 ಎಂಬುದನ್ನೂ ಇಲ್ಲೇ ಹೇಳಿಬಿಡೋಣ.

ಪಿಎಫ್ ವಿವಾದ ಮತ್ತು ಮಂಗಳೂರಿನ ಒಂದು ಪ್ರಕರಣ

1952ರ ಭವಿಷ್ಯ ನಿಧಿ ಕಾಯ್ದೆಯು ‘ನೌಕರ’ ಎಂಬ ಪದವನ್ನು ವಿವರಿಸುವಾಗ ಅಪ್ರೆಂಟಿಸ್‌ನನ್ನೂ ಒಳಗೆ ಸೇರಿಸಿ, ಬಳಿಕ ಎರಡು ಬಗೆಯವರನ್ನು ಹೊರಗಿಟ್ಟಿತ್ತು: 1961ರ ಕಾಯ್ದೆಯಡಿ ಸೇರಿದವರು ಮತ್ತು ಸ್ಥಾಯಿ ಆದೇಶಗಳಡಿ ಸೇರಿದವರು. ಇದರ ಅರ್ಥವೇನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು ನಮ್ಮ ಕರಾವಳಿಯಿಂದ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ತೆಗೆದುಕೊಂಡಿದ್ದ ಟ್ರೈನಿಗಳಿಗೆ ಪಿಎಫ್ ಕಟ್ಟಬೇಕು ಎಂದು ಮಂಗಳೂರಿನ ಭವಿಷ್ಯ ನಿಧಿ ಅಧಿಕಾರಿಗಳು ಹೇಳಿದ್ದರು. 2006ರಲ್ಲಿ ಸುಪ್ರೀಂ ಕೋರ್ಟ್ ಸಂಸ್ಥೆಯ ಪರ ತೀರ್ಪು ಕೊಟ್ಟಿತು. ಅವರು ಮಾದರಿ ಸ್ಥಾಯಿ ಆದೇಶಗಳ ಪ್ರಕಾರ ಸೇರಿದವರು, ಪಡೆದದ್ದು ಸ್ಟೈಪೆಂಡ್, ತರಬೇತಿ ಮುಗಿದ ಮೇಲೆ ಕೆಲಸದ ಹಕ್ಕಾಗಲಿ ಕೆಲಸಕ್ಕೆ ಸೇರಲೇಬೇಕೆಂಬ ಕಟ್ಟುಪಾಡಾಗಲಿ ಇರಲಿಲ್ಲ; ಆದ್ದರಿಂದ ಅವರು ಪಿಎಫ್ ಕಾಯ್ದೆಯ ‘ನೌಕರ’ ಅಲ್ಲ ಎಂದಿತು.

ಈ ತೀರ್ಪನ್ನು ಹಿಡಿದು ‘ಟ್ರೈನಿಗಳಿಗೆ ಪಿಎಫ್ ಬೇಕಿಲ್ಲ’ ಎಂದು ಸಾರಾಸಗಟಾಗಿ ಹೇಳುವವರಿದ್ದಾರೆ. ತೀರ್ಪು ಹಾಗೆ ಹೇಳಿಲ್ಲ. ಅದು ನಿಂತಿರುವುದು ನಿಜವಾದ ತರಬೇತಿ, ಸ್ಥಾಯಿ ಆದೇಶದ ಬೆಂಬಲ ಎಂಬ ಎರಡು ಕಾಲುಗಳ ಮೇಲೆ. ಎರಡೂ ಇಲ್ಲದ ಕಡೆ ಭವಿಷ್ಯ ನಿಧಿ ಅಧಿಕಾರಿ ವಿಚಾರಣೆ ನಡೆಸಿ, ಇವರು ನೌಕರರೇ ಎಂದು ತೀರ್ಮಾನಿಸಿ ಬಾಕಿ ವಸೂಲಿಗೆ ಆದೇಶಿಸಬಹುದು. ಇನ್ನೊಂದು ಸಂಗತಿಯೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆ ‘ನೌಕರ’ ಎಂಬುದರಿಂದ ಹೊರಗಿಟ್ಟಿರುವುದು 1961ರ ಕಾಯ್ದೆಯ ಅಪ್ರೆಂಟಿಸ್‌ಗಳನ್ನು. ವೇತನ ಸಂಹಿತೆಯೂ ಅದೇ ಮಾತು ಬಳಸುತ್ತದೆ. ಹೀಗಾಗಿ ನೋಂದಾಯಿತ ಒಪ್ಪಂದವೇ ಈಗ ಇನ್ನಷ್ಟು ಗಟ್ಟಿಯಾದ ಗಡಿರೇಖೆ.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೇ?

ಕೊಡಲೇಬೇಕಿಲ್ಲ. ಒಪ್ಪಂದದಲ್ಲೇ ಕೆಲಸದ ಷರತ್ತು ಇದ್ದರೆ ಎರಡೂ ಕಡೆಯವರು ಅದಕ್ಕೆ ಬದ್ಧರು; ಇಲ್ಲದಿದ್ದರೆ ಹಕ್ಕಿಲ್ಲ. ತರಬೇತಿ ಮುಗಿಸಿದವರನ್ನು ಸೇರಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆ ತನ್ನದೇ ನೀತಿ ರೂಪಿಸಬೇಕು ಎಂದು 2014ರ ತಿದ್ದುಪಡಿ ಹೇಳಿದೆ. ಆ ನೀತಿಯ ಪ್ರತಿಯನ್ನು ಸೇರುವಾಗಲೇ ಕೇಳಿ ಪಡೆಯಬಹುದು, ಆದರೆ ಕೇಳುವವರು ಕಡಿಮೆ.

ಪೂರ್ತಿ ಬಾಗಿಲು ಮುಚ್ಚಿದೆ ಎಂದೇನೂ ಅಲ್ಲ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಸಮನಾಗಿದ್ದರೆ ನೇರ ನೇಮಕಾತಿಯವರಿಗಿಂತ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕು ಎಂದಿತು. ರೈಲ್ವೆಯಂತೂ ಹುಬ್ಬಳ್ಳಿ ವರ್ಕ್‌ಶಾಪ್‌ನಂಥ ತನ್ನ ಘಟಕಗಳಲ್ಲಿ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗಳಿಗೆ ಲೆವೆಲ್–1 ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20 ಮೀಸಲಿಟ್ಟಿದೆ. ಪರೀಕ್ಷೆ ಬರೆದು ಅರ್ಹರಾಗಬೇಕು. ಇಲ್ಲೆಲ್ಲ ಬೇಕಾಗುವುದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ನೋಂದಣಿ ಆಗದ ಒಪ್ಪಂದಕ್ಕೆ ಆ ಪ್ರಮಾಣಪತ್ರ ಬರುವುದಿಲ್ಲ. ಒಂದು ವರ್ಷ ದುಡಿದು ಕಂಪನಿಯ ಲೆಟರ್‌ಹೆಡ್‌ನಲ್ಲಿ ‘ಅನುಭವ ಪತ್ರ’ ಪಡೆದವರಿಗೆ ಈ ಬಾಗಿಲು ತೆರೆಯದು.

ನಡುವೆ ಕೈಬಿಟ್ಟರೆ, ತೊಂದರೆ ಕೊಟ್ಟರೆ

ಅವಧಿ ಮುಗಿಯುವ ಮೊದಲೇ ‘ನಾಳೆಯಿಂದ ಬರಬೇಡ’ ಎಂದುಬಿಡಲು ಬರುವುದಿಲ್ಲ. ಒಪ್ಪಂದ ರದ್ದಾಗಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಅರ್ಜಿ ಹೋಗಬೇಕು. ಸಂಸ್ಥೆ ಷರತ್ತು ಪಾಲಿಸದ ಕಾರಣಕ್ಕೆ ರದ್ದಾದರೆ ಕೊನೆಯದಾಗಿ ಪಡೆದ ಸ್ಟೈಪೆಂಡಿನ ಮೂರು ತಿಂಗಳಷ್ಟು ಮೊತ್ತವನ್ನು ಅದು ಪರಿಹಾರವಾಗಿ ಕೊಡಬೇಕು. ಇದು ಎರಡೂ ಕಡೆ ಕೊಯ್ಯುವ ಕತ್ತಿ: ತಪ್ಪು ಅಪ್ರೆಂಟಿಸ್‌ನದಾದರೆ ಸಲಹೆಗಾರರು ನಿಗದಿ ಮಾಡಿದ ತರಬೇತಿ ವೆಚ್ಚವನ್ನು ಅವರು ಅಥವಾ ಪೋಷಕರು ಹಿಂದಿರುಗಿಸಬೇಕಾಗಬಹುದು. ಬೇರೆ ಕೆಲಸ ಸಿಕ್ಕಿತೆಂದು ಹೇಳದೆ ಕೇಳದೆ ಹೋಗುವವರು ಇದನ್ನು ನೆನಪಿಡಬೇಕು.

ದಂಡದ ಭಯ ಮಾತ್ರ ಕಾಯ್ದೆಯಲ್ಲಿ ಕಡಿಮೆ. ಜೈಲು ಶಿಕ್ಷೆಯನ್ನು 2014ರಲ್ಲೇ ತೆಗೆದುಹಾಕಲಾಯಿತು. ಪೀಸ್ ಲೆಕ್ಕದಲ್ಲಿ ಹಣ ಕೊಟ್ಟರೆ, ಒಪ್ಪಿಗೆಯಿಲ್ಲದೆ ಓಟಿ ಮಾಡಿಸಿದರೆ ಆ ತಿದ್ದುಪಡಿ ಇಟ್ಟ ದಂಡ ಪ್ರತಿ ಸಲಕ್ಕೆ 1,000 ರೂಪಾಯಿ. ಒಂದು ದೊಡ್ಡ ಕಾರ್ಖಾನೆಗೆ ಅದು ಕ್ಯಾಂಟೀನಿನ ಚಹಾ ಖರ್ಚಿಗೂ ಸಾಲದು. ಇನ್ನೊಂದು ಇಕ್ಕಟ್ಟೂ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹೀಗೆ ಸಂಸ್ಥೆಗಳ ಮನವೊಲಿಸಿ ಸೀಟು ತುಂಬಿಸಬೇಕಾದ ವ್ಯವಸ್ಥೆಯೇ ಅವುಗಳ ವಿರುದ್ಧದ ದೂರನ್ನೂ ಕೇಳಬೇಕು.

ಹಾಗೆಂದು ದೂರು ಕೊಡದೆ ಇರುವುದರಿಂದ ಲಾಭವೇನೂ ಇಲ್ಲ. ಕೇಂದ್ರ ಸರ್ಕಾರದ ಉದ್ಯಮಗಳು, ರೈಲ್ವೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರವಿರುವ ಕಂಪನಿಗಳು ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ಇವುಗಳ ಟ್ರೇಡ್ ಅಪ್ರೆಂಟಿಸ್‌ಗಳು ಬೆಂಗಳೂರಿನಲ್ಲಿರುವ ಕೌಶಲಾಭಿವೃದ್ಧಿಯ ಪ್ರಾದೇಶಿಕ ನಿರ್ದೇಶನಾಲಯಕ್ಕೆ ಬರೆಯಬಹುದು. ಉಳಿದವುಗಳಿಗೆ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ನ್ಯಾಟ್ಸ್‌ನವರಿಗೆ ಚೆನ್ನೈ ಮಂಡಳಿ. ದೂರಿನ ಜೊತೆ ಒಪ್ಪಂದದ ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಾತಿ ಅಥವಾ ಪಾಳಿಯ ಫೋಟೊ, ಏನು ಕೆಲಸ ಮಾಡಿಸಿದರು ಎಂಬುದರ ದಿನವಾರು ಟಿಪ್ಪಣಿ ಇದ್ದರೆ ವಾದಕ್ಕೆ ಬಲ ಬರುತ್ತದೆ. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ತಿಳಿದ ದಿನದಿಂದ 30 ದಿನಗಳೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ನೋಂದಣಿಯೇ ಇಲ್ಲದವರು ಈ ಕಚೇರಿಗಳಿಗೆ ಅಲೆಯಬೇಕಾಗಿಲ್ಲ. ಅವರ ದೂರು ಹೋಗಬೇಕಾದದ್ದು ಕಾರ್ಮಿಕ ಇಲಾಖೆಗೆ, ಭವಿಷ್ಯ ನಿಧಿ ಕಚೇರಿಗೆ ಮತ್ತು ಇಎಸ್‌ಐ ನಿಗಮಕ್ಕೆ, ಟ್ರೈನಿ ಎಂದಲ್ಲ, ಕಾರ್ಮಿಕ ಎಂದೇ.